ಕಾಲಕ್ಕೆ ತಕ್ಕ ಕೋಲ ಸರಿ, ಗ್ಲೌಸಿನ ಖರ್ಚು ಯಾರದ್ದು?

ಓದುಗರ ಪತ್ರ: ಮಂಗಳೂರಿನ ಗೇರುಬೀಜ ರಫ್ತು ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಚ್ಚಾ ಬೀಜ ಆಫ್ರಿಕಾದಿಂದ ಬರುತ್ತದೆ, ತಿರುಳು ಜರ್ಮನಿಗೆ ಹೋಗುತ್ತದೆ. ಮೊನ್ನೆ ಅಲ್ಲಿಯ ಖರೀದಿದಾರರ ಕಡೆಯವರು ತಪಾಸಣೆಗೆ ಬಂದಿದ್ದರು. ನಾವು ಕೊಟ್ಟ ಹಲ್ವಾ ಬಾಕ್ಸನ್ನು ಮುಟ್ಟಲೂ ಇಲ್ಲ. ಪುಸ್ತಕದಲ್ಲಿ ‘ಇತರೆ ಖರ್ಚು’ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, ಇದೇನು ಎಂದರು. ಹೆಂಗಸರು ಬರಿಗೈಯಲ್ಲಿ ಬೀಜ ಬಿಡಿಸುವುದೂ ತಪ್ಪಂತೆ. ‘ಕಾಲಕ್ಕೆ ತಕ್ಕ ಕೋಲ. ಅವರ ನೀತಿ ಅವರಿಗೆ, ನಮ್ಮದು ನಮಗೆ’ ಎನ್ನುತ್ತಾರೆ ನಮ್ಮ ಧಣಿಗಳು. ಅವರು ಹೇಳುವುದು ಸರಿಯಾ? (ಹೆಸರು ಬೇಡ)

ಸಂಪಾದಕರ ಉತ್ತರ:

ಮೊದಲು ಹಲ್ವಾದ ವಿಷಯ ಮುಗಿಸಿಬಿಡೋಣ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮಗೆ ಆಗದ ಮಾತು. ಆದರೆ ತಪ್ಪು ಹುಡುಕಲೆಂದೇ ಬಂದವರಿಗೆ ಬಾಕ್ಸ್ ಕೊಟ್ಟರೆ ಅವರಿಗೆ ಮುಜುಗರ ಆಗದೇ ಇರುತ್ತದಾ? ಮುಂದಿನ ಸಲ ಚಹಾದ ಜೊತೆ ಬಾಕ್ಸನ್ನು ಎಲ್ಲರೆದುರು ಬಿಚ್ಚಿಡಿ. ಒಂದು ತುಂಡು ತಿನ್ನುತ್ತಾರೆ. (ದೀಪಾವಳಿಗೆ ಜಾಹೀರಾತುದಾರರು ನಮ್ಮ ಕಚೇರಿಗೂ ಬಾಕ್ಸ್ ಕಳಿಸುತ್ತಾರೆ. ನಾವು ತಿಂದಿದ್ದೇವೆ. ಹಾಗಾಗಿ ಇಲ್ಲಿ ನಾನು ಜಾಸ್ತಿ ಬುದ್ಧಿ ಹೇಳುವಂತಿಲ್ಲ.)

‘ಇತರೆ ಖರ್ಚು’ ಬೇರೆ ಕಥೆ. ಅದು ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಲಂಚ ಮುಟ್ಟದಿರುವುದು ‘ಅವರ ಸಂಸ್ಕೃತಿ’, ಕೊಡುವುದು ‘ನಮ್ಮದು’ ಎಂಬ ಧಣಿಗಳ ಲೆಕ್ಕ ಇದೆಯಲ್ಲ, ಅದೇ ಸುಳ್ಳು. ಇದೇ ಜರ್ಮನಿಯಲ್ಲಿ 1990ರ ದಶಕದ ಕೊನೆಯವರೆಗೂ, ಹೊರದೇಶದ ಅಧಿಕಾರಿಗೆ ಕೊಟ್ಟ ಲಂಚವನ್ನು ಕಂಪನಿಗಳು ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳಬಹುದಿತ್ತು. ಅಲ್ಲಿಯ ಸೀಮೆನ್ಸ್ ಕಂಪನಿ ದೇಶ ದೇಶಗಳಲ್ಲಿ ಲಂಚ ಹಂಚಿ ಸಿಕ್ಕಿಬಿದ್ದು 2008ರಲ್ಲಿ ಭಾರೀ ದಂಡ ಕಟ್ಟಿತು. ಅಮೆರಿಕದವರೂ ಹುಟ್ಟಾ ಸಾಚಾಗಳಲ್ಲ. ವಿಮಾನ ಮಾರಲು ಲಾಕ್‌ಹೀಡ್ ಕಂಪನಿ ಜಪಾನಿನಲ್ಲಿ ಹಣ ಸುರಿದದ್ದು 1976ರಲ್ಲಿ ಹೊರಬಿತ್ತು. ಮಾಜಿ ಪ್ರಧಾನಿ ತನಾಕಾ ಬಂಧನಕ್ಕೊಳಗಾದರು. ಹೊರದೇಶದಲ್ಲಿ ಲಂಚ ಕೊಡಬಾರದೆಂಬ ಅಮೆರಿಕದ ಕಾನೂನು ಬಂದದ್ದು ಮರುವರ್ಷ, 1977ರಲ್ಲಿ. ಅದರಲ್ಲೂ, ಆಗಬೇಕಾದ ಕೆಲಸ ಬೇಗ ಆಗಲಿ ಎಂದು ಕೊಡುವ ಚಿಲ್ಲರೆಗೆ ವಿನಾಯಿತಿ ಇಟ್ಟರು. ಬ್ರಿಟನ್ನಿನ 2010ರ ಕಾನೂನು ಅದನ್ನೂ ಬಿಡಲಿಲ್ಲ. ಅಂದರೆ ಇದೆಲ್ಲ ಅವರ ಅಜ್ಜಂದಿರ ಕಾಲದ ಆಚಾರವೇನಲ್ಲ. ಪೆಟ್ಟು ತಿಂದು ಕಲಿತದ್ದು.

ನಮ್ಮಲ್ಲೂ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಡುವವನೂ ಅಪರಾಧಿ, ಅವನ ಹಿಂದಿರುವ ಕಂಪನಿಯೂ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಲೆಕ್ಕ ಬರೆಯುವ ಕೈ ನಿಮ್ಮದು, ನೆನಪಿರಲಿ.

ಈಗ ಬರಿಗೈ ವಿಷಯ. ನನ್ನನ್ನು ಕಾಡಿದ್ದು ಇದೇ. ನಮ್ಮ ನೆರೆಮನೆಯ ಅಕ್ಕ ಒಬ್ಬರು ವರ್ಷಗಟ್ಟಲೆ ಬೀಜದ ಫ್ಯಾಕ್ಟರಿಗೆ ಹೋದವರು. ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿ ಕಪ್ಪಾಗಿ ಸುಲಿದು ಹೋಗಿತ್ತು. ಬೂದಿ ಹಚ್ಚಿ ಕೂತರೂ ಬಿಡುವ ಎಣ್ಣೆಯಲ್ಲ ಅದು. ಮದುವೆ ಮನೆಯಲ್ಲಿ ಅವರು ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮೆಷಿನ್ ಬಂತು ನೋಡಿ, ಅದಕ್ಕೆ ಅವರ ಬೆರಳೇ ಸಿಗುತ್ತಿರಲಿಲ್ಲ. ‘ಗ್ಲೌಸ್ ಕೊಟ್ಟಿಲ್ವಾ ಅಕ್ಕ?’ ಎಂದು ಒಮ್ಮೆ ಕೇಳಿದೆ. ನಕ್ಕರು. ‘ಕೊಟ್ಟಿದ್ದಾರೆ. ಹಾಕಿದ್ರೆ ಬೀಜ ಕೈಗೆ ಗೊತ್ತಾಗುದಿಲ್ಲ. ಕಿಲೋ ಲೆಕ್ಕ ಅಲ್ವಾ?’

ಅವರು ಬರಿಗೈಯಲ್ಲಿ ಕೂತದ್ದು ಸಂಸ್ಕೃತಿಯಿಂದ ಅಲ್ಲ, ಕಿಲೋದ ದರದಿಂದ. ಗ್ಲೌಸ್ ಹಾಕಿದರೆ ದಿನಕ್ಕೆ ಎರಡು ಕಿಲೋ ಕಡಿಮೆ ಬಂತು ಅಂತಿಟ್ಟುಕೊಳ್ಳಿ, ಆ ಎರಡು ಕಿಲೋದ ಕೂಲಿ ಯಾರ ಜೇಬಿನಿಂದ ಹೋಗಬೇಕು? ಗ್ಲೌಸ್ ಹಾಕಿಸಿ ಎನ್ನುವ ಖರೀದಿದಾರರೇ ಮರುದಿನ ಇಮೇಲಿನಲ್ಲಿ ದರ ಇಳಿಸಿ ಎನ್ನುತ್ತಾರೆ. ಧಣಿಗಳು ಅದನ್ನು ಹಾಗೇ ಕೆಳಗೆ ದಾಟಿಸುತ್ತಾರೆ. ತಪಾಸಣೆಯ ದಿನ ಎಲ್ಲರ ಕೈಯಲ್ಲೂ ಗ್ಲೌಸ್, ಕಾರು ಗೇಟು ದಾಟಿದ ಮೇಲೆ ಮೂಲೆಯಲ್ಲಿ ರಾಶಿ.

ಹೊರಗಿನವರು ಬಂದು ‘ಇದು ಮಾಡಬೇಡಿ’ ಎನ್ನುವುದು ನಮ್ಮೂರಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು, ತಮ್ಮ ಮತಕ್ಕೆ ಸೇರಿದ ಬಿಲ್ಲವರಿಗೆ ಶೇಂದಿ ಇಳಿಸುವುದು ಬೇಡ ಎಂದರು. ಅದು ಸರಿಯೋ ತಪ್ಪೋ, ಆ ಜಗಳ ಬೇರೆ. ಆದರೆ ಕಸುಬು ಬಿಡಿಸಿದ ಮೇಲೆ ಗಂಜಿಗೆ ದಾರಿ ಮಾಡುವುದೂ ಅವರ ತಲೆಗೇ ಬಂತು. ನೇಯ್ಗೆ ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಜರ್ಮನಿಯಿಂದ ಬಂದ ಇವತ್ತಿನ ಚೆಕ್‌ಲಿಸ್ಟಿನಲ್ಲಿ ನಾನು ಹುಡುಕುವುದು ಗಂಜಿಗೆ ದಾರಿ ಮಾಡುವ ಆ ಎರಡನೇ ಸಾಲನ್ನೇ.

ಇನ್ನೊಂದು ಮಾತು, ಧಣಿಗಳಿಗೆ ಬೇಕಿದ್ದರೆ ಓದಿ ಹೇಳಿ. ನವಮಂಗಳೂರು ಬಂದರಿಗೆ ಬಂದಿಳಿಯುವ ಆ ಕಚ್ಚಾ ಬೀಜದ ಲೆಕ್ಕದಲ್ಲಿ ಜರ್ಮನಿಯವರ ಜಾಗದಲ್ಲಿ ಕೂತಿರುವುದು ನಾವು. ಆಫ್ರಿಕಾದಲ್ಲಿ ಬೀಜ ಹೆಕ್ಕುವವರು ಮಕ್ಕಳಾ, ರೈತನಿಗೆ ಸಿಕ್ಕಿದ್ದೆಷ್ಟು ಎಂದು ನಾವು ಯಾವತ್ತಾದರೂ ಕೇಳಿದ್ದೇವಾ? ‘ಅಲ್ಲಿ ಹಾಗೇ ಮಾರಾಯ್ರೇ’ ಎಂದು ಸುಮ್ನೆ ಇರುತ್ತೇವೆ.

ನಿಮ್ಮ ಕೈಲಾಗುವ ಕೆಲಸ ಒಂದಿದೆ. ನಾಲ್ಕು ಹೆಂಗಸರನ್ನು ಕೇಳಿ, ಅವರಿಗೆ ಒಪ್ಪಿಗೆಯಾದರೆ ಒಂದು ವಾರ ಗ್ಲೌಸ್ ಹಾಕಿಸಿ. ಆ ವಾರ ಅವರ ಕೂಲಿ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ. ದಿನಾ ಎಷ್ಟು ಕಿಲೋ ಆಯಿತೆಂದು ಬರೆದಿಡಿ. ವ್ಯತ್ಯಾಸವನ್ನು ರೂಪಾಯಿಗೆ ತಿರುಗಿಸಿ, ಮುಂದಿನ ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ಸೇರಿಸಿ ಜರ್ಮನಿಗೆ ಕಳಿಸಿ. ‘ಇತರೆ ಖರ್ಚು’ ಎಂದು ಬರೆಯಬೇಡಿ. ಗ್ಲೌಸ್ ಎಂದೇ ಬರೆಯಿರಿ. ಏನು ಉತ್ತರ ಬಂತೆಂದು ನನಗೂ ಒಂದು ಕಾರ್ಡು ಹಾಕಿ.