‘ಮಲೆಗಳಲ್ಲಿ ಮದುಮಗಳು’ ಎಪ್ಪತ್ತು ಪುಟದಲ್ಲೇ ನಿಂತಿದೆ: ಪ್ರತಿಕ್ರಿಯೆ

ಎಪ್ಪತ್ತು ಪುಟ ಓದಿದರೂ ಯಾರು ಯಾರೆಂದು ನೆನಪಿನಲ್ಲಿ ನಿಲ್ಲುತ್ತಿಲ್ಲ ಎಂದು ಬರೆದಿದ್ದೀರಿ. ನೀವು ನಾಯಕನೊಬ್ಬನನ್ನು ಹುಡುಕುತ್ತಿರುವುದೇ ಬಹುಶಃ ಅದಕ್ಕೆ ಕಾರಣ. 1967ರ ಈ ಕಾದಂಬರಿಯಲ್ಲಿ ಅಂಥವನಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಆರಂಭದಲ್ಲೇ ಹೇಳಿದ್ದಾರೆ.

ಮೊದಲು ಒಂದು ಹಾಳೆಯಲ್ಲಿ ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ ಎಂದು ಊರುಗಳನ್ನು ಬರೆದುಕೊಂಡು, ಹೊಸ ಹೆಸರು ಬಂದಾಗಲೆಲ್ಲ ಅದನ್ನು ಆಯಾ ಊರಿನ ಕೆಳಗೆ ಸೇರಿಸುತ್ತ ಹೋಗಿ. ಅನಂತರ ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಈ ಮೂರು ಜೋಡಿಗಳನ್ನು ಮಾತ್ರ ಬಿಡದೆ ಹಿಂಬಾಲಿಸಿ. ಉಳಿದವರು ಮಸುಕಾದರೂ ಚಿಂತೆಯಿಲ್ಲ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿದರೆ ಮಲೆನಾಡಿನ ಆಡುಮಾತು ಬೇಗ ಕಿವಿಗೆ ಹತ್ತುತ್ತದೆ. ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಸವೆಸುವ ಪುಟಗಳಂತೂ ಅವಸರದಲ್ಲಿ ಓದುವಂಥವಲ್ಲ.

ತೊಡಕು ಪಾತ್ರಗಳದ್ದಲ್ಲ, ಗಾತ್ರದ್ದೇ ಆಗಿದ್ದರೆ (ನಿಮ್ಮ ಪ್ರಶ್ನೆಯಿಂದ ಅದು ಸ್ಪಷ್ಟವಾಗುವುದಿಲ್ಲ) ಸದ್ಯಕ್ಕೆ ಇದನ್ನು ಬದಿಗಿಟ್ಟು ಕಾರಂತರ ‘ಬೆಟ್ಟದ ಜೀವ’ವನ್ನು ಕೈಗೆತ್ತಿಕೊಳ್ಳಿ. ಕಾಡಂಚಿನ ಒಂದು ಮನೆ, ಗೋಪಾಲಯ್ಯ–ಶಂಕರಮ್ಮ ದಂಪತಿ, ಬಿಟ್ಟುಹೋದ ಮಗ, ಇಷ್ಟರಲ್ಲೇ ಕಥೆ ಸಾಗುವುದರಿಂದ ಒಂದೆರಡು ದಿನಗಳಲ್ಲಿ ಮುಗಿಸಬಹುದು. ಕುವೆಂಪು ಅವರದೇ ಇನ್ನೊಂದು ಕಾದಂಬರಿ ‘ಕಾನೂರು ಹೆಗ್ಗಡಿತಿ’ಯಲ್ಲಿ ಹೂವಯ್ಯನೆಂಬ ಕೇಂದ್ರಪಾತ್ರವಿದೆ ನಿಜ, ಆದರೆ ಅದೂ ದಪ್ಪ ಪುಸ್ತಕವೇ.