ಹಳೆ ಕಂಪ್ಯೂಟರ್‌ನಲ್ಲಿ ಗೇಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 2013ರ ಡೆಸ್ಕ್‌ಟಾಪ್. ಐ3-3220 ಪ್ರೊಸೆಸರ್, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಗ ಗೇಮ್ ಶುರು ಮಾಡಿದರೆ ಹತ್ತು ನಿಮಿಷ ಸರಾಗ, ಆಮೇಲೆ ತಡವರಿಸುತ್ತದೆ. ಮಳೆಗಾಲದಲ್ಲಿ ಎಷ್ಟೋ ಸಲ ಬೀಪ್ ಸದ್ದು ಮಾತ್ರ, ಪರದೆ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿಹೋದೀತೇ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಕಾರ್ಡಿಗೆ ಈಗಲೇ ದುಡ್ಡು ಹಾಕಬೇಡಿ. ಗ್ರಾಫಿಕ್ಸ್ ಸಾಲದಿದ್ದರೆ ಆಟ ಮೊದಲ ನಿಮಿಷದಿಂದಲೇ ಎಳೆದಾಡುತ್ತಿತ್ತು. ಹತ್ತು ನಿಮಿಷದ ನಂತರ ಎಂದರೆ ಅದು ಬಿಸಿಯ ಲಕ್ಷಣ: ಪ್ರೊಸೆಸರ್ ತೀರಾ ಕಾದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೋರ್ ಟೆಂಪ್ ತಂತ್ರಾಂಶ ಹಾಕಿ ಆಟದ ನಡುವೆ ನೋಡಿ. 90 ಡಿಗ್ರಿ ದಾಟುತ್ತಿದ್ದರೆ ಕ್ಯಾಬಿನೆಟ್ ಬಿಚ್ಚಲೇಬೇಕು.

ಕಡಲ ಪಕ್ಕದ ಧೂಳು ಬಯಲುಸೀಮೆಯ ಧೂಳಿನಂತಲ್ಲ. ಅದರಲ್ಲಿರುವ ಉಪ್ಪು ಗಾಳಿಯ ತೇವ ಹೀರಿ, ಪ್ರೊಸೆಸರ್‌ನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ನ ಎಸಳುಗಳ ನಡುವೆ ಕೆಸರಿನಂತೆ ಕಚ್ಚಿಕೊಳ್ಳುತ್ತದೆ. ಬರೀ ಬ್ಲೋವರ್‌ಗೆ ಬಗ್ಗುವುದಿಲ್ಲ. ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಕೆರೆದು ಆಮೇಲೆ ಊದಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿಯಿರಿ. ಪ್ರೊಸೆಸರ್ ಜೊತೆಗೇ ಬಂದ ಕಂಪನಿಯ ಕೂಲರ್ (ಹೀಟ್‌ಸಿಂಕ್ ಮತ್ತು ಫ್ಯಾನ್) ಆಗಿದ್ದರೆ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಿರುತ್ತವೆ. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಕೂಲರ್ ಬರುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಸುಣ್ಣದಂತೆ ಗಟ್ಟಿಯಾಗಿರುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ತೆಗೆದು, ಬಟಾಣಿಗಿಂತ ಚಿಕ್ಕ ಹನಿ ಹೊಸ ಪೇಸ್ಟ್ ನಡುವೆ ಇಡಿ. ಕೂರಿಸುವಾಗ ಪಿನ್‌ಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿಕೊಂಡು, ಎದುರುಬದುರು ಮೂಲೆಗಳಲ್ಲಿ ಟಕ್ ಎನ್ನುವವರೆಗೆ ಒತ್ತಿ. ಒಂದು ಪಿನ್ ಸಡಿಲ ಉಳಿದರೂ ಪಟ್ಟ ಶ್ರಮವೆಲ್ಲ ವ್ಯರ್ಥ.

ಬೀಪ್ ಸದ್ದಿಗೆ ಬಹುಮಟ್ಟಿಗೆ ರ‍್ಯಾಮ್ ಕಾರಣ. ವಿದ್ಯುತ್ ವೈರ್ ಕಿತ್ತು, ರ‍್ಯಾಮ್ ಹೊರತೆಗೆದು, ಹೊಂಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಿ. ಮದರ್‌ಬೋರ್ಡ್ ಮೇಲೆ ಹಿಡಿದು ಉಜ್ಜಬೇಡಿ, ರಬ್ಬರ್ ಪುಡಿ ಸ್ಲಾಟಿಗೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಅರ್ಧ ಗಂಟೆಯಾದರೂ ಕಂಪ್ಯೂಟರ್ ಓಡಿಸಿ, ಒಳಗಿನ ತೇವ ಆರುತ್ತದೆ. ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಪ್ಲಾಸ್ಟಿಕ್ ಹೊದಿಸಬೇಡಿ.

ಇಷ್ಟಾದ ಮೇಲೆ ಖರ್ಚಿನ ಮಾತು. ಇನ್ನೊಂದು 4 ಜಿಬಿಯ 1600 ಮೆಗಾಹರ್ಟ್ಸ್ ಡಿಡಿಆರ್3 ರ‍್ಯಾಮ್ ಹಾಕಿ. ನಿಮ್ಮ ಪ್ರೊಸೆಸರ್‌ನೊಳಗಿನ ಎಚ್‌ಡಿ 2500 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಮೆಮೊರಿಯ ಎರಡು ಚಾನೆಲ್‌ಗೆ (ದತ್ತಾಂಶ ಸಾಗುವ ದಾರಿಗೆ) ಒಂದೊಂದು ರ‍್ಯಾಮ್ ಕೂತರೆ ದಾರಿ ಅಗಲವಾಗಿ ಆಟ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಮುಂದಿನ ಪೀಳಿಗೆಯ ಡಿಡಿಆರ್4 ರ‍್ಯಾಮ್ ನಿಮ್ಮ ಸ್ಲಾಟಿಗೆ ಕೂರುವುದಿಲ್ಲ. ಎಸ್‌ಎಸ್‌ಡಿ ಹಾಕಿದರೆ ಗೇಮ್ ಬೇಗ ತೆರೆದುಕೊಳ್ಳುತ್ತದೆ, ಸೆಕೆಂಡಿಗೆ ಮೂಡುವ ಫ್ರೇಮ್ (ಚಿತ್ರ) ಹೆಚ್ಚುವುದಿಲ್ಲ. ಗೇಮ್‌ನಲ್ಲಿ ರೆಸಲ್ಯೂಶನ್ 1280×720 ಇಟ್ಟು ಮೊದಲು ನೆರಳಿನ (ಶ್ಯಾಡೋ) ಆಯ್ಕೆ ತೆಗೆಯಿರಿ.

ಪ್ರಶ್ನೆ: ಇಂಥದೇ ಹಳೆ ಕಂಪ್ಯೂಟರಿಗೆ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ಕೊಳ್ಳಬಹುದೇ? ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಬದಲಿಸಬೇಕೇ?
– ಓದುಗರು, ಶಿರಸಿ

ಉತ್ತರ: ಕೊಳ್ಳಬಹುದು. ಸ್ಲಾಟಿನಿಂದಲೇ ವಿದ್ಯುತ್ ಪಡೆಯುತ್ತದೆ, ಬಳಕೆ 30 ವ್ಯಾಟ್. ಸುಸ್ಥಿತಿಯ ಎಸ್‌ಎಂಪಿಎಸ್ ಸಾಕು. ಆದರೆ ಒಂದೇ ಹೆಸರಿನಲ್ಲಿ ಎರಡು ಕಾರ್ಡ್‌ಗಳಿವೆ. ಜಿಡಿಡಿಆರ್5 ಕಾರ್ಡಿನ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಡಿಡಿಆರ್4ನದು 17 ಜಿಬಿಯ ಆಸುಪಾಸು. ಡಬ್ಬಿಯ ಮೇಲೆ ಜಿಡಿಡಿಆರ್5 ಎಂದಿಲ್ಲದಿದ್ದರೆ ಅಂಗಡಿಯವರಿಗೆ ಮರಳಿಸಿ. ಗೇಮ್‌ಗಳನ್ನು ಸ್ಟೀಮ್‌ನಲ್ಲಿ (ಗೇಮ್ ಕೊಂಡು ಆಡುವ ತಂತ್ರಾಂಶ) ಆಡುವುದಾದರೆ ವಿಂಡೋಸ್ 10 ಬೇಕು. 2024ರ ಜನವರಿ 1ರಿಂದ ವಿಂಡೋಸ್ 7ಕ್ಕೆ ಸ್ಟೀಮ್ ಬೆಂಬಲ ನಿಲ್ಲಿಸಿದೆ.