ಮೊದಲು ಹೂಂಗುಟ್ಟುವವರನ್ನು ಹುಡುಕಿಕೋ

ನಿನ್ನ ಪತ್ರ ಓದಿದೆ ತಂಗಿ. ಮ್ಯಾಂಚೆಸ್ಟರಿನಲ್ಲಿ ಕೆಲಸ ಹಿಡಿದಿದೆ, ಮನೆಯೂ ಸಿಕ್ಕಿದೆ. ಆದರೆ ಮಂಡ್ಯದಲ್ಲಿ ಕಥೆ ಬರೆದುಕೊಂಡು ಇದ್ದವಳಿಗೆ ಇಲ್ಲಿ ಒಂದು ಸಾಲೂ ಹೊರಡುತ್ತಿಲ್ಲ ಅಂದಿದ್ದೀಯ. ಇಲ್ಲಿದ್ದುಕೊಂಡೇ ಕನ್ನಡದಲ್ಲಿ ಪುಸ್ತಕ ತರೋಕಾಗುತ್ತಾ ಅಂತಲೂ ಕೇಳಿದ್ದೀಯ. ಖಂಡಿತ ಆಗುತ್ತದೆ. ನನ್ನ ಕಥಾಸಂಕಲನ ಮೈಸೂರಿನಲ್ಲಿ ಅಚ್ಚಾಗುವಾಗ ನಾನು ಬರ್ಮಿಂಗ್‌ಹ್ಯಾಮಿನಲ್ಲೇ ಇದ್ದೆ.

ಟೈಮ್ ಸಾಲುತ್ತಿಲ್ಲ ಅನ್ನುವುದು ನಿನ್ನ ಅಂದಾಜು. ನನಗೆ ಹಾಗನ್ನಿಸುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಆಮೇಲೆ ಹೊತ್ತೇ ಹೋಗುವುದಿಲ್ಲ. ನಿನಗೆ ಇಲ್ಲಿ ಇಲ್ಲದಿರುವುದು ಹೂಂಗುಟ್ಟುವವರು. ನಮ್ಮ ಕಡೆ ಕಥೆ ಬೆಳೆದಿದ್ದೇ ಕೇಳುವವರ ಎದುರಿಗೆ ಅಲ್ವಾ? ಆಲೆಮನೆಯಲ್ಲಿ ರಾತ್ರಿ ಕೊಪ್ಪರಿಗೆ ಕುದಿಯುವಾಗ ನಮ್ಮ ತಾತ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಾ ಕಥೆ ಹೇಳುತ್ತಿದ್ದರು. ನಾವು ಹೂಂ ಅನ್ನುವುದು ನಿಂತರೆ ಅವರ ಬಾಯೂ ನಿಲ್ಲುತ್ತಿತ್ತು. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಪಾಕ ಬಂತಾ ಅಂತ ನೋಡಿ, ಮತ್ತೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು. ಮಂಟೇಸ್ವಾಮಿ ಅನ್ನುವ ಸಂತನ ಕಥೆ ಹಾಡುವ ನೀಲಗಾರರನ್ನು ನೀನೂ ಕೇಳಿರುತ್ತೀಯ. ತಂಬೂರಿ ಹಿಡಿದವರು ಸೊಲ್ಲು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದುಕೊಳ್ಳುತ್ತಾರೆ. ರಾತ್ರಿಯಿಡೀ ಹಾಡುವ ಕಸುವು ಅಲ್ಲಿಂದಲೇ ಬರುವುದು.

ಅದಕ್ಕೇ ಹೇಳುತ್ತೇನೆ, ಮೊದಲು ಒಬ್ಬರಿಬ್ಬರು ಕೇಳುವವರನ್ನು ಹುಡುಕಿಕೋ. ನಾನು ಭಾನುವಾರ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಓದುತ್ತೇನೆ. ಊರು ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಇಲ್ಲಿ ಮಧ್ಯಾಹ್ನ ಅಂದರೆ ಅಲ್ಲಿ ಸಂಜೆ, ಅಕ್ಕನಿಗೂ ಬಿಡುವು. ಅವಳು ಸುಮ್ಮನೆ ಹೊಗಳುವವಳಲ್ಲ. "ಯಾವ ಹೆಂಗ್ಸು ಹಿಂಗ್ ಮಾತಾಡ್ತಾಳೆ ಹೇಳು" ಅಂದಳೆಂದರೆ ಆ ಪುಟ ಮತ್ತೆ ಬರೆಯುತ್ತೇನೆ. ನೀನೂ ಮಂಡ್ಯದ ಮಾತನ್ನು ತಿದ್ದಲು ಹೋಗಬೇಡ. ಕಥೆಯ ಅಜ್ಜಿ "ಎಲ್ಗೋಯ್ತಿದ್ದೀಯವ್ವ" ಅಂತಲೇ ಕೇಳಲಿ. ಕಥೆ ಮ್ಯಾಂಚೆಸ್ಟರಿನ ಬಸ್ಸಿನಲ್ಲಿ ನಡೆದರೂ ಸರಿ, ಅಜ್ಜಿ ಬಾಯಿಗೆ ಪುಸ್ತಕದ ಮಾತು ಬೇಡ.

ಇನ್ನು ಪುಸ್ತಕದ ವಿಷಯ. ಮೊದಲು ಒಂದೊಂದೇ ಕಥೆಯನ್ನು ಮಯೂರ, ತುಷಾರದಂಥ ಮಾಸಪತ್ರಿಕೆಗಳಿಗೆ ಕಳಿಸು. ನಾಲ್ಕಾರು ಪ್ರಕಟವಾದರೆ ಪ್ರಕಾಶಕರನ್ನು ಕೇಳಲು ಧೈರ್ಯ ಬರುತ್ತದೆ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಅವರೇ ತೆಗೆದುಕೊಳ್ಳುತ್ತಾರೆ, ಭಾರತದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಎಷ್ಟೇ ಪರಿಚಯ ಇದ್ದರೂ ಒಪ್ಪಂದ ಕಾಗದದ ಮೇಲೇ ಆಗಬೇಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ದೂರದಲ್ಲಿರುವ ನಮ್ಮಂಥವರು ಇದನ್ನು ತಿಳಿದಿರಲೇಬೇಕು. ಇ-ಬುಕ್ ಮತ್ತು ಆಡಿಯೋ ಹಕ್ಕು ಯಾರದ್ದು ಅಂತಲೂ ಅದರಲ್ಲೇ ಬರೆಸು.

ಕರಡು ತಿದ್ದುವುದನ್ನು ಬೇರೆಯವರಿಗೆ ಬಿಡಬೇಡ. ನೀನು ಯೂನಿಕೋಡಿನಲ್ಲಿ, ಅಂದರೆ ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ವ್ಯವಸ್ಥೆಯಲ್ಲಿ, ಟೈಪ್ ಮಾಡಿರುತ್ತೀಯ. ಪುಟ ಕಟ್ಟುವ ಕೆಲವರು ಅದನ್ನು ಇನ್ನೂ ಹಳೆಯ ನುಡಿ ಫಾಂಟಿಗೆ ಬದಲಾಯಿಸುತ್ತಾರೆ. ಆಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿರುತ್ತವೆ. ಅದಕ್ಕಿಂತ ಜಾಸ್ತಿ ಭಯ ಇನ್ನೊಂದಕ್ಕೆ. ತಪ್ಪು ಅಂದುಕೊಂಡು ಯಾರೋ ನಿನ್ನ "ಎಲ್ಗೋಯ್ತಿದ್ದೀಯವ್ವ"ವನ್ನು ತಿದ್ದಿಬಿಟ್ಟಿರುತ್ತಾರೆ! ಪಿಡಿಎಫ್ ಕೈಗೆ ಬಂದಾಗ ಮಾತಿನ ಸಾಲುಗಳನ್ನೆಲ್ಲ ಗಟ್ಟಿಯಾಗಿ ಓದಿ ನೋಡು.

ಈ ಭಾನುವಾರ ನೀನೂ ಫೋನಿಗೆ ಬಾ, ಅಕ್ಕನಿಗೆ ಹೇಳಿರುತ್ತೇನೆ. ಹೊಸದು ಇಲ್ಲದಿದ್ದರೆ ಮಂಡ್ಯದಿಂದ ತಂದಿರುವ ಅರ್ಧ ಕಥೆಯನ್ನಾದರೂ ಓದು.